ಅಮೆರಿಕದ ಪಂಚಾಂಗ ಹಿಡಿದ ಮ್ಯಾಕ್ರೋ ಸಾಹೇಬರಿಗೆ

ಶ್ರೀ ವಿಠ್ಠಲ ಪ್ರಸನ್ನ

ಶ್ರೀಮಾನ್ ಮ್ಯಾಕ್ರೋ ಸಾಹೇಬರ ಸನ್ನಿಧಿಗೆ,
ಬಿಡಾರ: ನಮ್ಮ ಪಡಸಾಲೆಯ ಕಂಪ್ಯೂಟರಿನ ಹೊಟ್ಟೆ, ಕೊಂಢವಾ, ಪುಣೆ.

ಮಾನ್ಯರೇ,

ಇಂದು ಆಶ್ವೀಜ ವದ್ಯ ಏಕಾದಶಿ, ನನ್ನದು ನಿರಾಹಾರ. ನಳದ ನೀರು ಹಿಡಿದು, ಕಸ ಹೊಡೆದು, ಗ್ಯಾಲರಿಯ ತುಳಸಿಗೆ ನೀರೆರೆದು, ಬಾಗಿಲಿಗೆ ರಂಗೋಲಿ ಹಾಕಿ, ದೇವರ ಪೂಜೆ ಮುಗಿಸಿ, ಉಪವಾಸದವರ ಡಬ್ಬಿಗೆ ಸಾಬೂದಾಣಿ ಹುರಿದು, ಉಪವಾಸವಿಲ್ಲದವರ ಡಬ್ಬಿಗೆ ರೊಟ್ಟಿ ಬಡಿದು, ಈಗ ಎರಡು ಗುಟುಕು ನೀರು ಕುಡಿದು ತಮಗೆ ಪತ್ರ ಬರೆಯಲು ಕುಳಿತಿದ್ದೇನೆ. ಖಾಲಿ ಹೊಟ್ಟೆಯಲ್ಲಿ ಸುಳ್ಳು ಹೇಳಿದರೆ ಹೊಟ್ಟೆನೋವು ಬರುತ್ತದೆಂದು ನಮ್ಮೂರ ಶಾಲೆಯ ಮಾಸ್ತರರು ಹೇಳುತ್ತಿದ್ದರು. ಆದ್ದರಿಂದ ಕೆಳಗೆ ಬರೆದದ್ದೆಲ್ಲ ಸತ್ಯವೆಂದು ತಿಳಿಯಬೇಕು. ಇತ್ತ ನಾವೆಲ್ಲ ಕ್ಷೇಮ. ತಮ್ಮ ಕ್ಷೇಮವನ್ನು ವಿಚಾರಿಸುವ ಅಗತ್ಯ ಕಾಣುವುದಿಲ್ಲ, ಯಾಕೆಂದರೆ ತಮಗೆ ಧೂಳು ತಾಗಬಾರದೆಂದು ನನ್ನ ಒಂದು ಒಳ್ಳೆಯ ಇಳಕಲ್ಲ ಸೀರೆಯನ್ನೇ ಹೊದಿಸಲಾಗಿದೆ, ಸೆಕೆಯ ದಿನಗಳಲ್ಲಿ ಮನೆಯ ಟೇಬಲ್ ಫ್ಯಾನು ತಮ್ಮ ಕಡೆಗೇ ಮುಖ ಮಾಡಿರುತ್ತದೆ. ನಮ್ಮ ಯಜಮಾನರು ಅಪ್ಪಾಸಾಹೇಬರಿಗೆ ಇಷ್ಟು ವರ್ಷಗಳ ಸಂಸಾರದಲ್ಲಿ ಆ ಯೋಗ ಬಂದಿಲ್ಲ.

ತಮ್ಮ ಮನೆಯೊಡತಿಯ ಪರಿಚಯ ತಮಗೆ ಆಗಿರಲಿಕ್ಕಿಲ್ಲ. ನಾನು ರಂಗೂಬಾಯಿ. ಇಂಡಿ ತಾಲೂಕಿನ ಹಳ್ಳಿಯಿಂದ ಮದುವೆಯಾಗಿ ಪುಣೆಗೆ ಬಂದವಳು, ಮನೆಯಿಂದಲೇ ಊಟದ ಡಬ್ಬಿ ಕಳಿಸುವವಳು. ಡಬ್ಬಿ ಕಳಿಸುವವರು ಈ ಊರಲ್ಲಿ ಓಣಿಗೊಬ್ಬರು ಇದ್ದಾರೆ. ಆದರೆ ಅವರವರ ನೇಮ ನೋಡಿ ಡಬ್ಬಿ ತುಂಬುವವರು ಕಡಿಮೆ. ಒಬ್ಬರದು ಸೋಮವಾರ, ಇನ್ನೊಬ್ಬರದು ಸಂಕಷ್ಟಿ, ಮತ್ತೊಬ್ಬರದು ಏಕಾದಶಿ. ಚಾತುರ್ಮಾಸ ಬಂತೆಂದರೆ ಉಳ್ಳಾಗಡ್ಡಿ ಬೆಳ್ಳುಳ್ಳಿ ಮುಟ್ಟದವರು ಒಂದು ಕಡೆ, ಉಳ್ಳಾಗಡ್ಡಿ ಇಲ್ಲದಿದ್ದರೆ ಡಬ್ಬಿ ಮುಟ್ಟದ ಖರಾಡಿಯ ಆಫೀಸಿನ ಹುಡುಗರು ಇನ್ನೊಂದು ಕಡೆ. ಇದೆಲ್ಲ ನನ್ನ ತಲೆಯಲ್ಲಿ ಇರುತ್ತಿತ್ತು. ನಾನು ಜ್ವರ ಬಂದು ಮಲಗಿದರೆ ತಲೆಯೂ ಮಲಗುತ್ತದೆಂದು ನನ್ನ ಸೊಸೆ ಸ್ನೇಹಲ್‌ಗೆ ಚಿಂತೆ. ಆಗ, ಖರಾಡಿಯ ಕಂಪನಿಯೊಂದರಲ್ಲಿ ಕೆಲಸ ಮಾಡುತ್ತ ನಮ್ಮ ಡಬ್ಬಿ ಉಣ್ಣುವ ಬೆಂಗಳೂರಿನ ರೋಹಿತ ಬಂದು, "ಆಂಟಿ, ಎಲ್ಲಾ ಹೆಸರು, ಎಲ್ಲಾ ಉಪವಾಸದ ತಾರೀಖು ಒಂದು ಶೀಟ್‌ಗೆ ಹಾಕ್ಬಿಡೋಣ. ನಾನೊಂದು ಮ್ಯಾಕ್ರೋ ಬರ್ಕೊಡ್ತೀನಿ. ಬೆಳಿಗ್ಗೆ ಒಂದು ಬಟನ್ ಒತ್ತಿದ್ರೆ ಯಾರಿಗೆ ಯಾವ ಊಟ ಅಂತ ಚೀಟಿ ಅದೇ ತೆಗೆದುಕೊಡತ್ತೆ. ನೀವು ಯೋಚನೆ ಮಾಡೋದೇ ಬೇಡ" ಎಂದ. ಹೀಗೆ ಯುಗಾದಿಯಿಂದ ಯುಗಾದಿಯವರೆಗಿನ ಪಂಚಾಂಗವನ್ನು ಸ್ನೇಹಲ್ ಕುಟ್ಟಿ ಕುಟ್ಟಿ ತುಂಬಿದ ಮೇಲೆ, ಶ್ರಾವಣ ಮುಗಿಯುವ ಹೊತ್ತಿಗೆ, ತಮ್ಮ ಗೃಹಪ್ರವೇಶವಾಯಿತು. ಯೋಚನೆ ಬಿಟ್ಟವಳ ಗತಿ ಏನಾಯಿತೆಂಬುದೇ ಈ ಪತ್ರದ ವಿಷಯ.

ಸಾಹೇಬರೇ, ಕೆಳಗಿನ ಮಜಲಿನಲ್ಲಿ ಯಂಕವ್ವ ಇದ್ದಾಳೆ. ನನಗಿಂತ ಹಿರಿಯಳು. ನಾನು ಮರಾಠಿಯ ಒಂದಕ್ಷರ ಬಾರದೆ ಈ ಊರಿಗೆ ಬಂದಾಗ ನನ್ನ ಕೈ ಹಿಡಿದು ಮಂಡಿಗೆ ಕರೆದೊಯ್ದು ಮೆಂತ್ಯದ ಸಿವುಡಿಗೆ ಜಗಳವಾಡಲು ಕಲಿಸಿದವಳು. ಪ್ರತಿ ಕಾರ್ತಿಕ ಏಕಾದಶಿಗೆ ನಾವಿಬ್ಬರೂ ಕೂಡಿ ಪಂಢರಪುರಕ್ಕೆ ಹೋಗುತ್ತೇವೆ. ಆಕೆಯಿಲ್ಲದೆ ನಾನು ಒಂದು ಸಲವೂ ಚಂದ್ರಭಾಗೆಯಲ್ಲಿ ಮುಳುಗಿಲ್ಲ. ಮಡಿಯಲ್ಲಿ ಬಲು ಗಟ್ಟಿ. ಹೊರಗಿನ ನೀರು ಸಹ ಕುಡಿಯದ ಆಕೆ, ಈ ಮಳೆಗಾಲದಲ್ಲಿ ಕಣ್ಣಿನ ಪೊರೆ ತೆಗೆಸಿಕೊಂಡು ಒಲೆಯ ಮುಂದೆ ನಿಲ್ಲಬಾರದೆಂದು ಡಾಕ್ಟರರು ಹೇಳಿದಾಗ, ನೌಕರಿಗೆ ಹೋಗುವ ಮಗ-ಸೊಸೆಯ ಮುಂದೆ, "ಉಂಡ್ರ ರಂಗೂನ ಕೈಯಿಂದು ಉಣ್ತೀನಿ, ಇಲ್ಲಾಂದ್ರ ಬಾಳಿಹಣ್ಣು ತಿಂದ್ಕೊಂಡು ಬಿದ್ದಿರ್ತೀನಿ" ಎಂದಳು. ನನ್ನ ಪಾಲಿಗೆ ಅದಕ್ಕಿಂತ ದೊಡ್ಡ ಮರ್ಯಾದೆ ಇಲ್ಲ. ಆ ಮರ್ಯಾದೆಯನ್ನು ತಾವು ಎರಡೇ ದಿನದಲ್ಲಿ ನುಣ್ಣಗೆ ಅರೆದು ಚಟ್ನಿ ಮಾಡಿದಿರಿ.

ಸೆಪ್ಟೆಂಬರ್ ಮೂರನೆಯ ತಾರೀಖು, ಭಾದ್ರಪದದ ಏಕಾದಶಿ. ನಾನು ಎರಡೂ ನಮೂನೆಯ ಅಡುಗೆ ಮಾಡಿಟ್ಟು ಭಜನೆಗೆ ಹೋಗಿದ್ದೆ. ಡಬ್ಬಿ ತುಂಬಿ ಲೂನಾ ಗಾಡಿಯ ಮೇಲೆ ಒಯ್ಯುವ ನಮ್ಮ ಜಟ್ಟೆಪ್ಪ ತಮ್ಮ ಚೀಟಿ ಹಿಡಿದು ನೋಡಿದ. ತಾವು ಯಂಕವ್ವನ ಹೆಸರಿನ ಮುಂದೆ ದೊಡ್ಡ ಮನಸ್ಸು ಮಾಡಿ 'ಸಾದಾ ಊಟ' ಎಂದು ಛಾಪಿಸಿದ್ದಿರಿ. ಕಣ್ಣಿಗೆ ಪಟ್ಟಿ ಕಟ್ಟಿಕೊಂಡ ಯಂಕವ್ವ ಮೇಲಿನ ಡಬ್ಬಿ ತೆರೆದು, ಉಪವಾಸದ ಆಲೂಗಡ್ಡೆ ಪಲ್ಯವೆಂದು ನಂಬಿ ಒಂದು ತುತ್ತು ಬಾಯಿಗಿಟ್ಟಳು. ಉಳ್ಳಾಗಡ್ಡಿ! ಚಾತುರ್ಮಾಸದಲ್ಲಿ, ಅದೂ ಏಕಾದಶಿಯ ದಿನ! ಉಗುಳಿದ ಸಪ್ಪಳ ಮೂರನೆಯ ಮಜಲಿಗೂ ಕೇಳಿಸಿತೆಂದು ಹೇಳುತ್ತಾರೆ. ನಾನು ಭಜನೆಯಿಂದ ಬಂದು ಜಟ್ಟೆಪ್ಪನನ್ನು ಹಿಡಿದು ಝಾಡಿಸಿದರೆ ಆತ, "ಚೀಟ್ಯಾಗ ಹಂಗೇ ಅದರಿ ಅವ್ವಾರ. ನಾ ಚೀಟಿ ನಂಬಲ್ಯೋ, ನಿಮ್ಮ ಮಾರಿ ನೋಡಿ ತುಂಬಲ್ಯೋ?" ಎಂದ. ತಮ್ಮಂಥ ವಿದ್ಯಾವಂತರು ತಪ್ಪುವುದುಂಟೇ, ಇವನೇ ಸಾಲು ತಪ್ಪಿ ಓದಿರಬೇಕೆಂದು ತಿಳಿದು, "ನಾಳೆ ಚೀಟಿ ಬಿಟ್ಟು ಕೂದಲೆಳೆಯಷ್ಟೂ ಆಚೀಚೆ ಆಗಬಾರದು" ಎಂದು ನಾನೇ ಆತನಿಗೆ ತಾಕೀತು ಮಾಡಿದೆ. ತಮ್ಮ ಮೇಲೆ ನಾನಿಟ್ಟ ಭಕ್ತಿಯನ್ನು ಗಮನಿಸಬೇಕು.

ಮರುದಿನ ದ್ವಾದಶಿ. ಏಕಾದಶಿ ಹಿಡಿದವರು ಅಂದು ಹೊತ್ತಿಗೆ ಸರಿಯಾಗಿ ಅನ್ನ ಉಂಡು ಪಾರಣೆ ಮಾಡಬೇಕು, ಇಲ್ಲದಿದ್ದರೆ ಹಿಂದಿನ ದಿನದ ಉಪವಾಸವೆಲ್ಲ ನೀರಲ್ಲಿ ಹೋಮ. ನಾನು ಬೆಳಿಗ್ಗೆಯೇ ತೆಂಗಿನಕಾಯಿ ಹಿಡಿದು ಯಂಕವ್ವನ ಮನೆಗೆ ಹೋಗಿ, ಆಕೆಯ ಕಾಲ ಬುಡದಲ್ಲಿ ಕುಳಿತು, ವಿಠ್ಠಲನ ಆಣೆ ಹಾಕಿ, ಆಕೆಯ ಸಿಟ್ಟನ್ನು ಇನ್ನೇನು ಅರ್ಧಕ್ಕೆ ಇಳಿಸಿದ್ದೆ. ಆಗ ಜಟ್ಟೆಪ್ಪ ಡಬ್ಬಿ ತಂದ. ಯಂಕವ್ವ ಈ ಸಲ ಪಟ್ಟಿ ಸರಿಸಿ, ಒಂದು ಕಣ್ಣಿನಿಂದ ನೋಡಿ ಮುಚ್ಚಳ ತೆರೆದಳು. ಒಳಗೆ ಸಾಬೂದಾಣಿ, ನಾನಿಲ್ಲದ ಹೊತ್ತಿನಲ್ಲಿ ಸ್ನೇಹಲ್ ಚೀಟಿ ನೋಡಿ ಹುರಿದದ್ದು. ತಮ್ಮ ಚೀಟಿಯ ಪ್ರಕಾರ ಅಂದು ಏಕಾದಶಿಯಂತೆ. ನನ್ನ ತಾಕೀತಿನ ಪ್ರಕಾರ ಕೂದಲೆಳೆಯಷ್ಟೂ ಆಚೀಚೆ ಆಗಿರಲಿಲ್ಲ.

"ನಿನ್ನಿ ಉಪವಾಸದ ದಿನಾ ಉಳ್ಳಾಗಡ್ಡಿ ತಿನಿಸಿದಿ, ಇವತ್ತ ಉಣ್ಣೂ ದಿನಾ ಉಪವಾಸ ಕೆಡವಿದಿ" ಎಂದಳು ಯಂಕವ್ವ. "ನಾಳೆ ಏನ್ ಕಳಸ್ತೀಯವ್ವಾ ರಂಗೂ, ಕೋಳಿನೋ?"

ಅಂದಿನಿಂದ ನಮ್ಮ ಡಬ್ಬಿ ಬಂದ್. ಮಾತೂ ಬಂದ್. ಆಕೆ ತಾನೇ ಮಂದಗಣ್ಣಿನಲ್ಲಿ ಒಲೆ ಹಚ್ಚುತ್ತಾಳೆ. ಸಾರು ಸೀದ ವಾಸನೆ ಕಿಟಕಿಯಿಂದ ಮೇಲೆ ಬರುತ್ತದೆ, ಒಲೆ ಸಣ್ಣದು ಮಾಡೆಂದು ಕೂಗಲು ನಾನು ಕಿಟಕಿಯವರೆಗೆ ಹೋಗಿ ಮರಳುತ್ತೇನೆ.

ಇನ್ನು ತಮ್ಮ ಚಿಕಿತ್ಸೆಯ ಕಥೆ. ಫೋನು ಮಾಡಿದರೆ ರೋಹಿತನಿಗೆ ರಜೆ ಸಿಕ್ಕಿದ್ದು ತಿಂಗಳ ನಡು ದಾಟಿದ ಮೇಲೆ. ಬಂದು ಬಟನ್ ಒತ್ತಿದ. ತಾವು ಹೊಸ ಮದುಮಗಳಂತೆ ತಲೆ ತಗ್ಗಿಸಿ ಎಲ್ಲವನ್ನೂ ಸರಿಯಾಗಿ ಹೇಳಿದಿರಿ. ಮತ್ತೆ ಒತ್ತಿದ, ಮತ್ತೆ ಸರಿ. "ಆಂಟಿ, ಪರ್ಫೆಕ್ಟಾಗಿದೆ. ನೀವೇ ಅವತ್ತು ಏನೋ ಒತ್ತಿರ್ತೀರಿ" ಎಂದು ಎರಡು ಚಕ್ಕುಲಿ ತಿಂದು ಹೋದ. ಮನೆಯವರ ಮುಂದೆ ಮಾತ್ರ ರೊಳ್ಳಿ ತೆಗೆದು ಅತ್ತು ಡಾಕ್ಟರರ ಮುಂದೆ ಕೆಮ್ಮದ ಕೂಸುಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ, ಆದ್ದರಿಂದ ತಮಗೆ ದೃಷ್ಟಿಯಾಗಿದೆಯೆಂದು ತಿಳಿದು ಲಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದೆ. ಸ್ನೇಹಲ್, "ಅತ್ತೀ, ಯಾರರೆ ನೋಡಿದ್ರ ನಗ್ತಾರ್ರಿ" ಎಂದಳು. ನಗುವವರು ಯಂಕವ್ವನ ಮುಂದೆ ಹೋಗಿ ನಗಲಿ.

ದಸರೆ ಬಂತು. ತಮಗೆ ಚೆಂಡುಹೂವಿನ ಮಾಲೆ ಹಾಕಿ, ಕುಂಕುಮವಿಟ್ಟು, ಆರತಿ ಬೆಳಗಿದೆ. ಸಂಜೆ ಬನ್ನಿ ಕೊಡುವ ಹೊತ್ತು. ನಮ್ಮ ಕಡೆ ವರ್ಷವಿಡೀ ಮಾತು ಬಿಟ್ಟವರೂ ಅಂದು ಬನ್ನಿ ಎಲೆ ಕೊಟ್ಟು, 'ಬಂಗಾರದಂಗ ಇರೋಣು' ಎಂದರೆ ಜಗಳ ಹರಿದಂತೆ. ನಾನೂ ಹೋದೆ. ತಪ್ಪು ಮಾಡಿದ್ದು ನಾನಲ್ಲ, ಮಿಶನ್ನು ಎಂದೆ. ಯಂಕವ್ವ ಕೈ ಚಾಚಲಿಲ್ಲ. "ಮಿಶನ್ ತಪ್ಪ ಮಾಡಿದ್ರ ಮಿಶನ್ನ ಬಂದು ಬನ್ನಿ ಕೊಡ್ಲಿ. ಕಾರ್ತೀಕಕ್ಕ ಪಂಢರಪುರಕ್ಕೂ ಅದರ ಕೂಡೇ ಹೋಗು" ಎಂದಳು.

ಆ ಮರುದಿನವೇ ಏಕಾದಶಿ, ಅಕ್ಟೋಬರ್ ಮೂರು. ಕುಂಕುಮ ಇನ್ನೂ ಹಣೆಯ ಮೇಲಿರುವಾಗಲೇ ತಾವು ಎಲ್ಲ ಉಪವಾಸದವರಿಗೂ ಮತ್ತೆ ಸಾದಾ ಊಟ ಮಂಜೂರು ಮಾಡಿದಿರಿ. ಈ ಸಲ ನಾನು ಪಂಚಾಂಗ ಹಿಡಿದು ನಿಂತಿದ್ದೆನಾದ್ದರಿಂದ ಊರು ಉಳಿಯಿತು. ಸ್ನೇಹಲ್ ಫೋನಿನಲ್ಲಿ ಏನು ಬೈದಳೋ, ರೋಹಿತ ಹೆಲ್ಮೆಟ್ ಸಹ ತೆಗೆಯದೆ ತಮ್ಮ ಮುಂದೆ ಕುಳಿತ. ತಮ್ಮ ಹೊಟ್ಟೆ ಬಿಚ್ಚಿ ಒಂದೊಂದೇ ಸಾಲು ನಡೆಸಿದ. ನಡೆದ ಸಾಲಿಗೆಲ್ಲ ಹಳದಿ ಬಣ್ಣ ಬರುತ್ತಿತ್ತು. ಅರಿಷಿಣ ಹಚ್ಚಿ ಶಾಂತಿ ಮಾಡುತ್ತಿದ್ದಾನೆಂದು ನಾನು ಕೈ ಮುಗಿದೆ. ಕಡೆಗೆ ಆತ ಹಣೆ ಬಡಿದುಕೊಂಡ. ಹೆಲ್ಮೆಟ್ ಇದ್ದದ್ದರಿಂದ ನೋವಾಗಲಿಲ್ಲ. "ಆಂಟಿ, ನಾವು ತಾರೀಖು ಮೊದ್ಲು, ತಿಂಗಳು ಆಮೇಲೆ ಬರೀತೀವಿ. ಇದು ಅಮೆರಿಕದವ್ರ ಥರ ತಿಂಗಳು ಮೊದ್ಲು ಓದ್ತಿದೆ. ಮೂರು-ಒಂಬತ್ತು ಅಂದ್ರೆ ನಮಗೆ ಸೆಪ್ಟೆಂಬರ್ ಮೂರು, ಇದಕ್ಕೆ ಮಾರ್ಚ್ ಒಂಬತ್ತು. ಏಪ್ರಿಲ್ ಒಂಬತ್ತರ ಏಕಾದಶೀನ ಸೆಪ್ಟೆಂಬರ್ ನಾಲ್ಕಕ್ಕೆ ತಂದಿಟ್ಟಿದೆ. ಹನ್ನೆರಡು ದಾಟಿದ್ರೆ ಮಾತ್ರ ಹದಿಮೂರನೇ ತಿಂಗಳು ಇಲ್ವಲ್ಲ, ಅದಕ್ಕೆ ಸರಿಯಾಗಿ ಓದತ್ತೆ" ಎಂದ.

ಮಾನ್ಯರೇ, ಇದನ್ನು ಕೇಳಿ ನನಗೆ ತಮ್ಮ ಮೇಲೆ ಗೌರವ ಹೆಚ್ಚಾಯಿತು. ಕೊಂಢವಾದಲ್ಲಿ ಕುಳಿತು, ನಮ್ಮ ಕರೆಂಟು ಕುಡಿದು, ನಮ್ಮ ಆರತಿ ತೆಗೆದುಕೊಂಡು, ಪಂಚಾಂಗ ಮಾತ್ರ ಅಮೆರಿಕದ್ದು ನೋಡುವ ನಿಷ್ಠೆ ಯಾರಿಗೆ ಬಂದೀತು! ತಿಂಗಳ ಮೊದಲ ಹನ್ನೆರಡು ದಿನ ವಿದೇಶದಲ್ಲಿದ್ದು, ಹದಿಮೂರಕ್ಕೆ ಪುಣೆಗೆ ಮರಳಿ, ಮುಂದಿನ ಒಂದನೆಯ ತಾರೀಖು ಮತ್ತೆ ವಿಮಾನ ಹತ್ತುವ ತಮ್ಮ ತಿರುಗಾಟ ಮಂತ್ರಿಗಳಿಗೂ ಇಲ್ಲ. ಹದಿಮೂರನೆಯ ತಿಂಗಳು ಇಲ್ಲವೆಂಬ ತಿಳಿವಳಿಕೆ ತಮಗಿರುವುದಂತೂ ಬಹಳ ಸಂತೋಷ. ನಮ್ಮಲ್ಲಿ ಅಧಿಕ ಮಾಸ ಬಂದ ವರ್ಷ ಅದೂ ಇರುತ್ತದೆ. ತಮ್ಮ ಕಿವಿಗೆ ಯಾರೂ ಹಾಕದಿರಲಿ.

ತಮ್ಮೊಳಗೆ ಇನ್ನೊಂದು ಸಾಲೂ ಸಿಕ್ಕಿತು: ಏನಾದರೂ ತಪ್ಪಾದರೆ ನಿಲ್ಲಬೇಡ, ಹೇಳಬೇಡ, ಸುಮ್ಮನೆ ಮುಂದಕ್ಕೆ ಹೋಗು. ಮೊದಮೊದಲು ತಾವು ಮಾತು ಮಾತಿಗೂ ತಕರಾರು ತೆಗೆಯುತ್ತಿದ್ದಿರೆಂದು ರೋಹಿತನೇ ಬೇಸತ್ತು ಅದನ್ನು ಬರೆದಿದ್ದನಂತೆ. ಈಗ ನಾಚಿಕೊಂಡು ಅಳಿಸಿದ. ಅಳಿಸುವ ಮುಂಚೆ ನನ್ನನ್ನು ಒಂದು ಮಾತು ಕೇಳಬೇಕಿತ್ತು. ತಮ್ಮಲ್ಲಿ ಇರಬಾರದ ಆ ಸಾಲನ್ನು ಯಂಕವ್ವನ ಎದೆಯಲ್ಲಿ ಬರೆಯಲು ಬರುತ್ತದೆಯೇ? ಬಂದರೆ ಇಂದೇ ಬರೆಯಬೇಕಾಗಿ ಪ್ರಾರ್ಥನೆ.

ಅಷ್ಟೇ ಅಲ್ಲ. ತಾವು ದಯಮಾಡಿ ಇಳಕಲ್ಲ ಸೀರೆ ಸರಿಸಿ, ವಾಯರು ಕಿತ್ತುಕೊಂಡು, ಮೆಟ್ಟಿಲು ಇಳಿದು, ಬಾಡಿದ್ದರೂ ಅಡ್ಡಿಯಿಲ್ಲ, ಒಂದು ಬನ್ನಿ ಎಲೆ ಹಿಡಿದು ಯಂಕವ್ವನ ಬಾಗಿಲಲ್ಲಿ ನಿಂತು ತಪ್ಪಾಯಿತೆನ್ನಬೇಕು. ಆ ಒಂದು ತುತ್ತಿನ ಪಾಪವನ್ನು ತಮ್ಮ ಶೀಟಿನಲ್ಲಿ, ತಮ್ಮ ಹೆಸರಿನ ಮುಂದೆ ಬರೆದುಕೊಳ್ಳಬೇಕು. ಅಮೆರಿಕದ ರೀತಿ ಹಿಂದುಮುಂದಾಗಿ ಬರೆದರೂ ನನ್ನ ತಕರಾರಿಲ್ಲ. ಆಕೆಯ ವ್ರತ ಕೆಡಲಿಲ್ಲವೆಂದು ವಿಠ್ಠಲನಿಂದ ಒಂದು ಚೀಟಿ ಛಾಪಿಸಿ ತರಬೇಕು. ಇವೇನೂ ಆಗದಿದ್ದರೆ, ಸ್ವತಃ ಒಂದು ಏಕಾದಶಿ ನಿರಾಹಾರ ಮಾಡಿ ನೋಡಬೇಕು. ದಿನವಿಡೀ ಕರೆಂಟು ಮುಟ್ಟದೆ ಕುಳಿತರೆ ತಾರೀಖು ಯಾವುದೆಂಬುದು ಯಾರೂ ಹೇಳದೆ ತಿಳಿಯುತ್ತದೆ.

ಇಂದು ತಾರೀಖು ಹನ್ನೆರಡು ದಾಟಿದ್ದರಿಂದಲೋ, ರೋಹಿತನ ರಿಪೇರಿಯಿಂದಲೋ, ತಮ್ಮ ಚೀಟಿ ಸರಿ ಬಂದಿದೆ. ಅಭಿನಂದನೆಗಳು. ಚೀಟಿಯಲ್ಲಿ ಓದಲು ಯಂಕವ್ವನ ಹೆಸರೇ ಇಲ್ಲ.

ಏಕಾದಶಿಯ ಹಸಿವಿನಲ್ಲಿ ಹೆಚ್ಚು-ಕಡಿಮೆ ಬರೆದಿದ್ದರೆ ಅದನ್ನೂ ಸುಮ್ಮನೆ ದಾಟಿ ಮುಂದಕ್ಕೆ ಹೋಗಬೇಕಾಗಿ ಕೋರುವ,

ತಮ್ಮ ವಿಶ್ವಾಸಿ,
ರಂಗೂಬಾಯಿ

ತಾ.ಕ.: ತಮಗೆ ಕನ್ನಡ ಬಾರದೆಂದೂ, ಕನ್ನಡ ಬರೆದರೆ ತಮಗೆ ಚೌಕ ಚೌಕ ಡಬ್ಬಿಗಳೇ ಕಾಣುವವೆಂದೂ ರೋಹಿತ ಹೇಳಿದ್ದಾನೆ. ಡಬ್ಬಿಗಳನ್ನು ತಾವು ಹೇಗೆ ನಡೆಸುತ್ತೀರೆಂಬುದು ಗೊತ್ತಿರುವುದರಿಂದ, ಈ ಪತ್ರವನ್ನು ತಮ್ಮ ಮುಂದಿಡದೆ, ಜಟ್ಟೆಪ್ಪನ ಕೈಯಿಂದ ಲಿಫ್ಟಿನ ಪಕ್ಕದ ಬೋರ್ಡಿಗೆ ಅಂಟಿಸುತ್ತಿದ್ದೇನೆ. ಬರೆಯುವಾಗ ಬಾಗಿಲಿಗೆ ಬಂದ ಸೊಸೈಟಿಯ ಸೆಕ್ರೆಟರಿ ಆಗಲೇ, "ಕಾಯ್ ಝಾಲಂ ಕಾಕೂ, ಉದ್ಯಾ ಪಾಣೀ ನಾಹೀ ಕಾ?" ಎಂದು ಕೇಳಿ ಹೋದ; ನಾಳೆ ನೀರು ಬರುವುದಿಲ್ಲವೆಂಬ ನೋಟೀಸಲ್ಲವೆಂದು ಸಮಾಧಾನ ಮಾಡಿ ಕಳಿಸಿದೆ. ಈ ಬಿಲ್ಡಿಂಗಿನಲ್ಲಿ ಕನ್ನಡ ಓದುವ ಮನೆಗಳು ಎರಡೇ. ಒಂದು ನಮ್ಮದು. ಇನ್ನೊಂದು ಮನೆಯವರ ಕಣ್ಣಿನ ಪಟ್ಟಿ ಈಗ ಬಿಚ್ಚಿದೆಯೆಂದು ಕೇಳಿದ್ದೇನೆ, ಅದಕ್ಕೇ ಅಕ್ಷರ ಇಷ್ಟು ದೊಡ್ಡದಾಗಿ ಬರೆದದ್ದು. ನನಗೆ ಬರಬೇಕಾದ ಉತ್ತರವನ್ನು ನಾನು ಇಳಿದು ಬಂದು ತರಲಾರೆ, ಒಮ್ಮೆ ಕೈ ಚಾಚದ ಬಾಗಿಲಿಗೆ ಮತ್ತೆ ಹೋಗಲು ನನ್ನ ಕಾಲಿಗೂ ಸ್ವಲ್ಪ ಮಾನವಿದೆ. ಆದ್ದರಿಂದ ಆ ಮನೆಯ ಹಿರಿಯರೇ ಅದನ್ನು ಮೇಲೆ ತಂದು ಮುಟ್ಟಿಸಬೇಕು. ಕಾರ್ತಿಕ ಏಕಾದಶಿಯ ಬಸ್ಸಿಗೆ ಹೋದ ವರ್ಷ ಎಷ್ಟು ಗದ್ದಲವಿತ್ತೆಂಬುದು ಅವರಿಗೆ ನೆನಪಿರಬೇಕು. ಬರುವಾಗ, ಕಿಟಕಿಯಿಂದ ಎಸೆದು ಇಬ್ಬರಿಗೆ ಜಾಗ ಹಿಡಿಯುವ ಆ ಹಸಿರು ಚೀಲವನ್ನೂ ತರುವುದು. ಹರಿದಿದ್ದರೆ ಹೊಲಿದು ಕೊಡುತ್ತೇನೆ.