ಮಾತ್ರೆಗೆ ಮಾತ್ರ ಅಡ್ಡಬರುವ ಆತ್ಮಸಾಕ್ಷಿ

ಡೆಲ್ಬರ್ಟ್ ರಕ್‌ಮನ್‌ನ ಗ್ರಹಚಾರ ಕೆಟ್ಟದ್ದು ಔಷಧಿ ಅಂಗಡಿಯ ಕಿಟಕಿಯಲ್ಲಿ, ಅದೂ ಅವನು ಅಲ್ಲಿಲ್ಲದ ಹೊತ್ತಿನಲ್ಲಿ. ಶನಿವಾರ ಬೆಳಿಗ್ಗೆ ಹಾಲು, ಬ್ರೆಡ್ಡು ಮತ್ತು ತನ್ನ ತಿಂಗಳ ಮಾತ್ರೆ ತರುತ್ತೇನೆಂದು ಹೋದ ಹೆಂಡತಿ ಲೋರೀನ್, ಹಾಲು ಬ್ರೆಡ್ಡು ಎರಡನ್ನೇ ಹಿಡಿದುಕೊಂಡು ಬಂದಳು. ಹಾಲಿನ ಕ್ಯಾನನ್ನು ಅವಳು ಮೇಜಿನ ಮೇಲೆ ಕುಕ್ಕಿದ ಸದ್ದು ಕೇಳಿಯೇ ಡೆಲ್ಬರ್ಟ್ ತಾನು ಈ ವಾರ ಮಾಡಿದ ತಪ್ಪುಗಳನ್ನೆಲ್ಲ ನೆನಪಿಸಿಕೊಳ್ಳತೊಡಗಿದ.

"ನಿನ್ನ ಯಜಮಾನ ನನ್ನ ಮಾತ್ರೆ ನಿಲ್ಲಿಸಿದಾನೆ," ಎಂದಳು ಲೋರೀನ್.

"ಬ್ರಾಂಟ್ಲಿ ಸಾಹೇಬ್ರಾ? ಅವರಿಗೆ ನಿನ್ನ ಮಾತ್ರೆ ಯಾಕೆ?"

"ನಾನೂ ಅದನ್ನೇ ಕೇಳ್ದೆ. ಮಕ್ಕಳಾಗದ ಮಾತ್ರೆ ಅವನ ಆತ್ಮಸಾಕ್ಷಿಗೆ ಒಪ್ಪಲ್ವಂತೆ. ಕಂಪನಿ ಇನ್ಶೂರೆನ್ಸಿಂದ ತೆಗೆಸಿಬಿಟ್ಟಿದಾನೆ. ಆ ಅಂಗಡಿ ಹುಡುಗಿ ಮೈಕ್ ನುಂಗಿದವಳ ಹಾಗೆ ಕಿರುಚಿ ಹೇಳಿದ್ಲು. ಹಿಂದೆ ನಿಂತಿದ್ದವರೆಲ್ಲ ನನ್ನನ್ನೇ ನೋಡ್ತಿದ್ರು."

ಎಮೋರಿ ಬ್ರಾಂಟ್ಲಿಯವರದು ಚರ್ಚುಗಳಿಗೆ ಬೆಂಚು ಮಾಡುವ ಕಾರ್ಖಾನೆ. ಅಮೆರಿಕದ ಇಂಡಿಯಾನಾದ ಆ ಸಣ್ಣ ಊರಿನಲ್ಲಿ ಅರ್ಧ ಜನ ಅವರ ಬೆಂಚು ಮಾಡುತ್ತಿದ್ದರು, ಉಳಿದರ್ಧ ಜನ ಅದರ ಮೇಲೆ ಕೂತು ನಿದ್ದೆ ಮಾಡುತ್ತಿದ್ದರು. ಕೆಲಸಗಾರರ ವಿಮೆಯಲ್ಲಿ ಈ ಮಾತ್ರೆ ಇರಲೇಬೇಕೆಂದು ಒಂದು ಸರಕಾರ ಹೇಳಿತ್ತು. ದೈವಭಕ್ತ ಮಾಲೀಕರಿಗೆ ಮನಸ್ಸು ಒಪ್ಪದಿದ್ದರೆ ಬಿಡಬಹುದು ಎಂದು ಮುಂದಿನ ಸರಕಾರ ಹೇಳಿತು. ಬ್ರಾಂಟ್ಲಿಯವರ ಮನಸ್ಸು ಅಲ್ಲಿಯವರೆಗೂ ಒಪ್ಪಿಕೊಂಡೇ ಇತ್ತು. ಬಿಡಬಹುದು ಎಂದು ಗೊತ್ತಾದ ಕೂಡಲೇ ಪಾಪ, ತುಂಬಾ ನೊಂದುಕೊಂಡಿತು.

"ಸ್ವಂತ ದುಡ್ಡಲ್ಲಿ ತಗೊಂಡ್ರೆ ಆಗಲ್ವಾ?" ಎಂದ ಡೆಲ್ಬರ್ಟ್, ಮೆಲ್ಲಗೆ.

"ಇನ್ಶೂರೆನ್ಸಿಗೆ ಅಂತ ತಿಂಗಳು ತಿಂಗಳೂ ನಿನ್ನ ಸಂಬಳದಲ್ಲಿ ಹಿಡಿಯೋದು ಯಾರಪ್ಪನ ದುಡ್ಡು? ಅಗ್ಗದ ಮಾತ್ರೆ ತಗೊಂಡ್ರೆ ನಂಗೆ ತಲೆ ಸಿಡಿದುಹೋಗತ್ತೆ, ಇದೊಂದೇ ಆಗೋದು. ಅದಕ್ಕೆ ಎಷ್ಟು ಬೆಲೆ ಅಂತ ಹೇಳಿದ್ರೆ ನೀನು ಈಗ್ಲೇ ಬಿದ್ದುಹೋಗ್ತೀಯ."

ಅಷ್ಟರಲ್ಲಿ ಮಹಡಿಯಿಂದ ಏನೋ ಉರುಳಿತು. ಅದರ ಹಿಂದೆ ಒಂದು ಮಗು ಅತ್ತಿತು, ಇನ್ನೊಂದು ನಕ್ಕಿತು, ಮೂರನೆಯದು "ನಾನಲ್ಲ" ಎಂದಿತು. ರಕ್‌ಮನ್ ದಂಪತಿಗೆ ಐದು ಮಕ್ಕಳು. ಮೂರಕ್ಕೇ ಸಾಕೆಂದುಕೊಂಡಿದ್ದವರು ಕೊನೆಗೆ ಇನ್ನೊಂದೇ ಒಂದು ಎಂದು ಆಸ್ಪತ್ರೆಗೆ ಹೋಗಿ ಅವಳಿ ತಂದಿದ್ದರು.

"ನೋಡು ಡೆಲ್ಬರ್ಟ್, ಇವತ್ತು ಕಂಪನಿ ಊಟ ಇದೆ. ಬ್ರಾಂಟ್ಲಿ ಹತ್ರ ಮಾತಾಡಿ ಮಾತ್ರೆ ವಾಪಸ್ ಹಾಕ್ಸು. ಆಗಲ್ಲ ಅಂದ್ರೆ ನೀನೇ ಹೋಗಿ ಕತ್ತರಿ ಹಾಕಿಸ್ಕೊಂಡು ಬಾ. ನಾನಂತೂ ಆರನೇದು ಹೆರೋಳಲ್ಲ."

ಕತ್ತರಿ ಎಂಬ ಮಾತಿಗೇ ಡೆಲ್ಬರ್ಟ್ ಕುರ್ಚಿ ಎಳೆದುಕೊಂಡು ಕೂತ. ಅವನು ಜ್ವರದ ಚುಚ್ಚುಮದ್ದಿಗೆ ಬವಳಿ ಬಂದು ಬೀಳುವ ಪೈಕಿ. ಹೋದ ವರ್ಷ ನಾಯಿಗೆ ಸೂಜಿ ಹಾಕಿಸಲು ಹೋದಾಗ ನಾಯಿ ನೆಟ್ಟಗೆ ನಿಂತಿತ್ತು, ಇವನು ಬಿದ್ದಿದ್ದ. ಅವನಿಗೆ ಬ್ರಾಂಟ್ಲಿಯವರನ್ನು ಕಂಡರೂ ಹೆದರಿಕೆಯೇ. ಆದರೆ ಬ್ರಾಂಟ್ಲಿಯವರ ಕೈಯಲ್ಲಿ ಕತ್ತರಿ ಇರಲಿಲ್ಲ. "ಮಾತಾಡ್ತೀನಿ," ಎಂದು ಕೋಟು ಹಾಕಿಕೊಂಡ.

ಹೊರಗೆ ಬಂದರೆ ಅವನ ಮನೆಯ ಮುಂದಿನ ಹುಲ್ಲಿನಲ್ಲಿ ಬಲಗಡೆ ಮನೆಯ ವೆರ್ನಾ ಪಾಸ್ಕ್ ಸುತ್ತಿಗೆ ಹಿಡಿದು ನಿಂತಿದ್ದರು. ನಿವೃತ್ತ ಶಾಲಾ ಟೀಚರು, ಡೆಲ್ಬರ್ಟ್‌ಗೆ ಮಗ್ಗಿ ಕಲಿಸಿದವರು. ಅವರು ನೆಡುತ್ತಿದ್ದ ಬೋರ್ಡಿನಲ್ಲಿ "ನನ್ನ ಮಾತ್ರೆಯ ಡಬ್ಬಿಯಲ್ಲಿ ಮಾಲೀಕನಿಗೇನು ಕೆಲಸ?" ಎಂದು ಕೆಂಪಕ್ಷರದಲ್ಲಿ ಬರೆದಿತ್ತು.

"ಟೀಚರ್, ಇದು ನಮ್ಮ ಮನೆ..."

"ಗೊತ್ತು ಕಣೋ. ನಿನ್ನ ಹೆಂಡ್ತಿಗಾದ ಅವಮಾನ ಊರಿಗೇ ಗೊತ್ತಾಗಿದೆ. ನೀನು ಇವತ್ತು ಅವನ ಮುಖಕ್ಕೆ ಹೊಡೆದ ಹಾಗೆ ಮಾತಾಡ್ತೀಯಂತೆ. ಶಭಾಶ್! ಮೂರನೇ ಕ್ಲಾಸಲ್ಲಿ ಪೆದ್ದ ಅಂದಿದ್ದೆ, ವಾಪಸ್ ತಗೊಂಡೆ."

ಹೆಂಡತಿಗೆ ಮಾತು ಕೊಟ್ಟು ಕೋಟಿನ ಗುಂಡಿ ಹಾಕುವುದರೊಳಗೆ ಇವರಿಗೆ ಹೇಗೆ ಗೊತ್ತಾಯಿತೆಂದು ಡೆಲ್ಬರ್ಟ್ ಕೇಳಲಿಲ್ಲ. ಆ ಬೀದಿಯಲ್ಲಿ ಅಂಥ ಪ್ರಶ್ನೆ ಯಾರೂ ಕೇಳುತ್ತಿರಲಿಲ್ಲ. ಅಷ್ಟರಲ್ಲಿ ಎಡಗಡೆ ಮನೆಯಿಂದ ಗಾರ್ಲಂಡ್ ಟ್ವೀಡಿ ಬಂದ. ಅವನು ಬ್ರಾಂಟ್ಲಿಯವರ ಕಾರ್ಖಾನೆಯ ಮೇಸ್ತ್ರಿ, ಚರ್ಚಿನ ಹಿರಿಯ. ಅವನ ಕಂಕುಳಲ್ಲೂ ಒಂದು ಬೋರ್ಡಿತ್ತು: "ಆತ್ಮಸಾಕ್ಷಿಗೆ ಸ್ವಾತಂತ್ರ್ಯ".

"ಏನಯ್ಯಾ ಇದು ಡೆಲ್ಬರ್ಟ್? ಐದು ಮಕ್ಕಳ ತಂದೆ ನೀನು, ನಮ್ಮವನು ಅಂದ್ಕೊಂಡಿದ್ದೆ. ಈಯಮ್ಮನ ಜೊತೆ ಸೇರ್ಕೊಂಡ್ಯಾ?"

"ಇಲ್ಲ ಇಲ್ಲ, ನಾನು ನಿಮ್ಮ ಕಡೆನೇ."

"ಏನೋ ಅಂದೆ?" ಎಂದರು ವೆರ್ನಾ ಟೀಚರು.

"ನಿಮ್ಮ ಕಡೆನೂ ಟೀಚರ್."

ಹೀಗೆ ಡೆಲ್ಬರ್ಟ್‌ನ ಹುಲ್ಲಿನಲ್ಲಿ ಎರಡು ಬೋರ್ಡು ಎದ್ದವು, ಒಂದಕ್ಕೊಂದು ಬೆನ್ನು ಹಾಕಿಕೊಂಡು. ಸಭ್ಯರ ಊರು ಅದು, ಅಲ್ಲಿ ಯಾರೂ ಕೈ ಮಿಲಾಯಿಸುವುದಿಲ್ಲ. ಬೋರ್ಡು ನೆಡುತ್ತಾರೆ, ಆಮೇಲೆ ಹತ್ತು ವರ್ಷ ಮಾತು ಬಿಡುತ್ತಾರೆ. ಡೆಲ್ಬರ್ಟ್ ಹೆಂಡತಿ ಮಕ್ಕಳನ್ನೂ ಬೀನ್ಸಿನ ಕ್ಯಾಸರೋಲನ್ನೂ ವ್ಯಾನಿಗೆ ತುಂಬಿಕೊಂಡು ಹೊರಟ.

ಊಟ ಚರ್ಚಿನ ನೆಲಮಾಳಿಗೆಯ ಸಭಾಂಗಣದಲ್ಲಿತ್ತು. ಎಲ್ಲರೂ ಒಂದೊಂದು ಅಡುಗೆ ತರಬೇಕು, ಎಲ್ಲರದ್ದನ್ನೂ ಎಲ್ಲರೂ ಹೊಗಳಬೇಕು. ಬಾಗಿಲ ಹೊರಗೆ ವೆರ್ನಾ ಟೀಚರು ಮತ್ತು ಅವರ ದಂಡು ಫಲಕ ಹಿಡಿದು "ಬ್ರಾಂಟ್ಲಿಗೆ ಧಿಕ್ಕಾರ" ಎಂದು ಕೂಗುತ್ತಿತ್ತು. ಊಟದ ಗಂಟೆ ಹೊಡೆದ ಕೂಡಲೇ ಫಲಕಗಳನ್ನು ಗೋಡೆಗೆ ಒರಗಿಸಿ, ಕಾರಿನಿಂದ ತಾವು ಮಾಡಿ ತಂದ ಹಣ್ಣಿನ ಪೈಗಳನ್ನು ಎತ್ತಿಕೊಂಡು ಒಳಗೆ ಬಂದರು. ಪ್ರತಿಭಟನೆ ಬೇರೆ, ಊಟ ಬೇರೆ. ಬ್ರಾಂಟ್ಲಿಯವರೇ ಅವರಿಗೆ ಕೋಳಿ ನೂಡಲ್ಸ್ ಬಡಿಸಿದರು.

ಡೆಲ್ಬರ್ಟ್ ತಟ್ಟೆ ಹಿಡಿದು ಮೂರು ಸಲ ಯಜಮಾನರ ಹತ್ತಿರ ಹೋದ. ಮೊದಲ ಸಲ ನೂಡಲ್ಸ್ ಚೆನ್ನಾಗಿದೆ ಎಂದಷ್ಟೇ ಹೇಳಿ ವಾಪಸ್ ಬಂದ. ಎರಡನೆಯ ಸಲ ಅವನ ಮಗನೊಬ್ಬ ಜೆಲ್ಲಿಯ ಬಟ್ಟಲಿಗೆ ಮೊಣಕೈಯವರೆಗೆ ಕೈಹಾಕಿ ಮಾನ ಕಳೆದ. ಮೂರನೆಯ ಸಲ ಬ್ರಾಂಟ್ಲಿಯವರೇ ಅವನ ಹೆಗಲ ಮೇಲೆ ಕೈಹಾಕಿದರು.

"ಡೆಲ್ಬರ್ಟ್! ನಿನ್ನನ್ನೇ ಹುಡುಕ್ತಿದ್ದೆ ಮಾರಾಯ. ಐದು ಮಕ್ಕಳು! ಗಾರ್ಲಂಡ್ ಹೇಳಿದ, ನೀನು ನಮ್ಮ ನಿರ್ಧಾರದ ಪರ ಬೋರ್ಡು ಹಾಕ್ಕೊಂಡಿದೀಯ ಅಂತ. ನಾಲ್ಕು ಮಾತಾಡು ಬಾ."

"ಸಾರ್, ಅದು ಒಂದು ಸಣ್ಣ ವಿಷಯ, ಒಬ್ಬರೇ ಇದ್ದಾಗ..."

"ಸಂಕೋಚ ಎಂಥದ್ದು? ಬಾ ಬಾ."

ಹೀಗೆ ಡೆಲ್ಬರ್ಟ್ ಮೈಕಿನ ಮುಂದೆ ನಿಂತ. ಎಡಗಡೆ ಗಾರ್ಲಂಡ್ ಚಪ್ಪಾಳೆ ತಟ್ಟುತ್ತಿದ್ದ, ಬಲಗಡೆ ವೆರ್ನಾ ಟೀಚರೂ ತಟ್ಟುತ್ತಿದ್ದರು. ಇಬ್ಬರೂ ತಮ್ಮವನೆಂದೇ ತಿಳಿದಿದ್ದರು. ನಡುವೆ ಕೂತಿದ್ದ ಲೋರೀನ್ ಮಾತ್ರ ತಟ್ಟಲಿಲ್ಲ. ಅವಳು ಎರಡು ಬೆರಳನ್ನು ಕತ್ತರಿಯ ಹಾಗೆ ಮಾಡಿ, ಮೆಲ್ಲಗೆ ಒಮ್ಮೆ ತೆರೆದು ಮುಚ್ಚಿದಳು.

"ನಮ್ಮ ಬ್ರಾಂಟ್ಲಿ ಸಾಹೇಬ್ರು ದೇವರಂಥವರು," ಎಂದು ಶುರುಮಾಡಿದ ಡೆಲ್ಬರ್ಟ್. ಕತ್ತರಿ ಇನ್ನೊಮ್ಮೆ ಆಡಿತು. "ಆದ್ರೆ ಸಾರ್, ದೇವರಾಣೆಗೂ, ಆ ಮಾತ್ರೆ ವಾಪಸ್ ಕೊಟ್ಬಿಡಿ!"

ಗಾರ್ಲಂಡ್‌ನ ಎರಡು ಅಂಗೈ ಗಾಳಿಯಲ್ಲೇ ನಿಂತವು. ಇನ್ನು ಹೋಗುವುದೇನೂ ಉಳಿದಿಲ್ಲವೆಂದು ಡೆಲ್ಬರ್ಟ್‌ಗೆ ಎಲ್ಲಿಂದಲೋ ಧೈರ್ಯ ಬಂತು.

"ನಾವು ಬೆಂಚು ಮಾಡೋ ಜನ ಸಾರ್. ನಮ್ಮ ಬೆಂಚಿನ ಮೇಲೆ ಯಾರು ಕೂರ್ತಾರೆ ಅಂತ ನಾವು ಕೇಳ್ತೀವಾ? ಪಾಪಿ ಕೂರ್ತಾನೆ, ಪುಣ್ಯವಂತ ಕೂರ್ತಾನೆ. ನನ್ನ ಹೆಂಡತಿ ಬೆಳಿಗ್ಗೆ ಏನು ನುಂಗ್ತಾಳೆ ಅಂತ ನೀವು ಯಾಕೆ ಕೇಳ್ಬೇಕು? ಅವಳು ಎಷ್ಟು ನೊಂದುಕೊಂಡ್ಲು ಗೊತ್ತಾ? ಒಬ್ಬ ಮನುಷ್ಯನ ಮಾನ, ಸಾರ್! ಒಬ್ಬ ಮನುಷ್ಯನ ಮೈ! ಅದರ ಮೇಲೆ ಇನ್ನೊಬ್ಬರು ಕೈ ಹಾಕಬಾರದು, ಅದೂ ಚೂಪಾದ್ದೇನಾದ್ರೂ ಹಿಡ್ಕೊಂಡು ಹಾಕಲೇಬಾರದು!"

ಕೊನೆಯ ಮಾತು ಯಾರಿಗೂ ಅರ್ಥವಾಗಲಿಲ್ಲ, ಆದರೆ ಅವನ ಕಣ್ಣಲ್ಲಿ ನೀರು ಬಂದದ್ದನ್ನು ಎಲ್ಲರೂ ಕಂಡರು. ಹೆಂಡತಿಯ ಹಕ್ಕಿಗಾಗಿ ಇಷ್ಟು ಮನ ಕರಗಿ ಮಾತಾಡಿದ ಗಂಡಸನ್ನು ಆ ಊರು ನೋಡಿರಲಿಲ್ಲ. ವೆರ್ನಾ ಟೀಚರು ಕುರ್ಚಿಯ ಮೇಲೆ ಹತ್ತಿ ನಿಂತು ಕೂಗಿದರು. ಗಾರ್ಲಂಡ್ "ದ್ರೋಹಿ!" ಎಂದ. "ನೀನು ದ್ರೋಹಿ, ನಿಮ್ಮಪ್ಪ ದ್ರೋಹಿ!" ಎಂದರು ಟೀಚರು. ಯಾರೋ ಆಲೂಗಡ್ಡೆ ಸಲಾಡಿನ ಪಾತ್ರೆ ಬೀಳಿಸಿದರು. ಕೆಲಸ ಹೋಯಿತೆಂದು ಡೆಲ್ಬರ್ಟ್ ಮೈಕಿನ ಕಂಬವನ್ನು ಗಟ್ಟಿಯಾಗಿ ಹಿಡಿದುಕೊಂಡ.

ಬ್ರಾಂಟ್ಲಿಯವರು ಎದ್ದು ಬಂದರು. ಬಂದವರು ಬೈಯಲಿಲ್ಲ, ತಬ್ಬಿಕೊಂಡರು. ಅವರ ಕಣ್ಣೂ ಒದ್ದೆಯಾಗಿತ್ತು.

"ಅಯ್ಯೋ ಹುಚ್ಚಪ್ಪಾ! ಇಷ್ಟು ಕಷ್ಟ ಇತ್ತು ಅಂತ ಮೊದಲೇ ಹೇಳಬಾರದಾ? ನಿನಗೆ ಇನ್ನೂ ಮಕ್ಕಳಾಗಲಿ ಅಂತ ನಾನು ಹೇಳಿದೀನಾ? ನಾನೇನು ಕಲ್ಲಾ?" ಅವರು ಮೈಕಿಗೆ ಬಾಯಿಟ್ಟರು. "ಎಲ್ಲರೂ ಕೇಳಿ. ಮಾತ್ರೆ ನನ್ನ ಆತ್ಮಸಾಕ್ಷಿಗೆ ಒಪ್ಪಲ್ಲ, ಅದು ಬರಲ್ಲ. ಆದರೆ ಗಂಡಸರ ಆ ಸಣ್ಣ ಆಪರೇಷನ್ ಇದೆಯಲ್ಲ, ಅದನ್ನ ನಾನು ಯಾವತ್ತೂ ತೆಗೆದಿಲ್ಲ. ಇನ್ಶೂರೆನ್ಸೇ ಪೂರ್ತಿ ಕೊಡತ್ತೆ. ಮುಚ್ಚುಮರೆ ಯಾಕೆ, ನಾನೇ ಮಾಡಿಸ್ಕೊಂಡಿದೀನಿ!"

"ನಾನೂ," ಎಂದ ಗಾರ್ಲಂಡ್, ಸಿಟ್ಟು ಮರೆತು.

"ನಾನೂ," ಎಂದರು ಪಾದ್ರಿಗಳು, ಪೈ ಅಗಿಯುತ್ತಾ. ಹಿಂದಿನ ಸಾಲಿನಲ್ಲಿ ಒಂದೊಂದಾಗಿ ಕೈಗಳೆದ್ದವು. ಆತ್ಮಸಾಕ್ಷಿಯ ಪಕ್ಷದ ಗಂಡಸರು ಒಬ್ಬರೂ ಬಾಕಿ ಇರಲಿಲ್ಲ.

"ಹಾಗಾದ್ರೆ ಮಾತ್ರೆ ಯಾಕೆ ಆಗಲ್ಲ?" ಎಂದು ಅರಚಿದರು ವೆರ್ನಾ ಟೀಚರು.

"ಅದು ಹೆಂಗಸರದ್ದಲ್ವಾ ಟೀಚರ್," ಎಂದರು ಬ್ರಾಂಟ್ಲಿ, ಮಗುವಿಗೆ ತಿಳಿಹೇಳುವಂತೆ. ಆಮೇಲೆ ಡೆಲ್ಬರ್ಟ್ ಕಡೆ ತಿರುಗಿದರು. "ಮುಂದಿನ ವಾರ ಬಾಸ್ಕೆಟ್‌ಬಾಲ್ ಪಂದ್ಯಗಳು ಶುರು. ಎಲ್ಲರೂ ಆ ವಾರಾನೇ ಮಾಡಿಸ್ಕೊಳ್ಳೋದು, ಸೋಫಾ ಮೇಲೆ ಬಿದ್ಕೊಂಡು ಟೀವಿ ನೋಡಬಹುದು, ಹೆಂಡ್ತೀನೂ ಏನೂ ಅನ್ನಲ್ಲ. ಡಾಕ್ಟ್ರೇ, ಜಾಗ ಇದೆಯಾ?"

ಮೂಲೆಯಲ್ಲಿ ನೂಡಲ್ಸ್ ತಿನ್ನುತ್ತಿದ್ದ ಡಾಕ್ಟರು ತಲೆ ಎತ್ತಿದರು. "ಪಂದ್ಯದ ವಾರ ಅಲ್ವಾ, ಎಲ್ಲಾ ತುಂಬಿಹೋಗಿದೆ. ಗುರುವಾರ ಬೆಳಿಗ್ಗೆಯ ಜಾಗ ಒಬ್ಬರು ಹೆದರಿ ಬಿಟ್ಟಿದಾರೆ, ಅದನ್ನ ಇವರಿಗೆ ಕೊಡ್ತೀನಿ."

ಲೋರೀನ್‌ಳ ಮುಖದಲ್ಲಿ ಬೆಳಿಗ್ಗೆಯಿಂದ ಮೊದಲ ಬಾರಿಗೆ ನಗು ಮೂಡಿತು. ಅದನ್ನು ಪೂರ್ತಿ ನೋಡುವ ಭಾಗ್ಯ ಡೆಲ್ಬರ್ಟ್‌ಗೆ ಇರಲಿಲ್ಲ. ಅವನು ತಾನೇ ತಂದಿದ್ದ ಬೀನ್ಸಿನ ಕ್ಯಾಸರೋಲಿನ ಮೇಲೆ ಬವಳಿ ಬಂದು ಬಿದ್ದ. ಸಂತೋಷಕ್ಕೆ ಹೀಗಾಯಿತೆಂದು ಜನ ಚಪ್ಪಾಳೆ ತಟ್ಟಿದರು.

ಸಂಜೆ ಡೆಲ್ಬರ್ಟ್ ತಲೆಗೆ ಒದ್ದೆ ಬಟ್ಟೆ ಹಾಕಿಕೊಂಡು ಮನೆಯಲ್ಲಿ ಕೂತಿದ್ದಾಗ ಕರೆಗಂಟೆ ಹೊಡೆಯಿತು. ಗಾರ್ಲಂಡ್ ಬಂದಿದ್ದ, ಫ್ರೀಜರಿನಲ್ಲಿಟ್ಟು ಕಲ್ಲಾದ ಬಟಾಣಿಯ ಚೀಲವೊಂದನ್ನು ಹಿಡಿದುಕೊಂಡು.

"ಬಟಾಣಿ ಯಾಕೆ?" ಎಂದ ಡೆಲ್ಬರ್ಟ್.

"ಅಡುಗೆಗಲ್ಲಯ್ಯಾ. ಗುರುವಾರ ಮಧ್ಯಾಹ್ನ ತೊಡೆ ಮೇಲೆ ಇಟ್ಕೊಳ್ಳೋಕೆ. ಐಸಿಗಿಂತ ಹಿತ, ಜಾಗಕ್ಕೆ ತಕ್ಕ ಹಾಗೆ ಕೂರತ್ತೆ."

ಅವನ ಹಿಂದೆಯೇ ವೆರ್ನಾ ಟೀಚರು ಬಂದರು, ಅವರ ಕೈಯಲ್ಲೂ ಬಟಾಣಿ. "ನಿನ್ನ ಹೋರಾಟ ಅರ್ಧ ಗೆದ್ದಿದೆ ಕಣೋ," ಎಂದು ಕಣ್ಣೊರೆಸಿಕೊಂಡರು. ಬ್ರಾಂಟ್ಲಿಯವರ ಮನೆಯಿಂದ ದೊಡ್ಡ ಚೀಲವೇ ಬಂತು. ಎಷ್ಟೋ ವರ್ಷಗಳಿಂದ ಯಾವ ವಿಷಯಕ್ಕೂ ಒಂದಾಗದ ಊರು ಅವತ್ತು ಡೆಲ್ಬರ್ಟ್‌ನ ತೊಡೆಯ ವಿಷಯದಲ್ಲಿ ಒಂದಾಗಿತ್ತು.

ಹೋಗುವಾಗ ಗಾರ್ಲಂಡ್ ಬಾಗಿಲಲ್ಲಿ ನಿಂತ. "ಇನ್ನೊಂದು ಹೇಳೋದು ಮರೆತೆ. ಕತ್ತರಿ ಹಾಕಿದ ತಕ್ಷಣ ಕೆಲಸ ಆಯ್ತು ಅಂದ್ಕೋಬೇಡ. ಮೂರು ತಿಂಗಳು ಭರವಸೆ ಇಲ್ಲ, ಆಮೇಲೆ ಪರೀಕ್ಷೆ ಮಾಡಿ ಹೇಳ್ತಾರೆ. ಅಲ್ಲೀವರೆಗೆ ಹೆಂಡತಿ ಮಾತ್ರೆ ಬಿಡಲೇಬಾರದು. ನಾವು ಬಿಟ್ವಿ, ಅದಕ್ಕೇ ನಮ್ಮ ಕೊನೇ ಮಗಳು ಹುಟ್ಟಿದ್ದು."

ಬಾಗಿಲು ಮುಚ್ಚಿತು. ಡೆಲ್ಬರ್ಟ್ ಮೆಲ್ಲಗೆ ತಿರುಗಿ ನೋಡಿದ. ಲೋರೀನ್ ಎಲ್ಲವನ್ನೂ ಕೇಳಿಸಿಕೊಂಡು ನಿಂತಿದ್ದಳು. ಸರಸರನೆ ಮಹಡಿ ಹತ್ತಿ ಹೋದಳು. ಅಬ್ಬ, ಹೋದಳಲ್ಲ ಎಂದು ಅವನು ಉಸಿರು ಬಿಡುವಷ್ಟರಲ್ಲಿ ದಿಂಬು ಕಂಬಳಿ ಹೊತ್ತು ಇಳಿದು ಬಂದಳು.

"ಕೆಳಗಡೆ ನೆಲಮಾಳಿಗೆಯಲ್ಲಿ ಸೋಫಾ ಇದೆ," ಎಂದಳು. "ಗುರುವಾರ ಆಪರೇಷನ್ನಿಗೆ ಹೊರಡೋಕೆ ಎಬ್ಬಿಸ್ತೀನಿ. ಆಮೇಲೆ ಮೂರು ತಿಂಗಳು ಅಲ್ಲೇ ಇರು, ಮಾತ್ರೆ ಇಲ್ದೆ ನೀನು ಪಕ್ಕದಲ್ಲಿ ಮಲಗೋದು ನನ್ನ ಆತ್ಮಸಾಕ್ಷಿಗೂ ಒಪ್ಪಲ್ಲ."