ಪಾಯಿಂಟುಗಳ ಮರುಮೌಲ್ಯವೂ ನನ್ನ ಮಗಳ ಬಾಣಂತನವೂ

ವಿಮಾನ ಕಂಪನಿಯ ನಿಷ್ಠಾವಂತ ಗ್ರಾಹಕರ ವಿಭಾಗದ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ಆಕಾಶದಲ್ಲಿ ಓಡಾಡುವವರಿಗೂ ನೆಲದ ಮೇಲೆ ಕೂತು ಅವರ ಕಂಬಳಿ ಹೊಲಿಯುವವರಿಗೂ ದೇವರು ಒಬ್ಬನೇ ಎಂಬ ನಂಬಿಕೆಯಿಂದ, ಮೊದಲಿಗೆ ತಮಗೂ, ತಮ್ಮ ಕಚೇರಿಯ ಸಮಸ್ತರಿಗೂ, ನಾನು ಫೋನು ಮಾಡಿದಾಗಲೆಲ್ಲ ಬೇಸರಪಡದೆ ಅದೇ ವಾದ್ಯವನ್ನು ಮತ್ತೆ ಮತ್ತೆ ನುಡಿಸುವ ತಮ್ಮ ಯಂತ್ರಕ್ಕೂ ನನ್ನ ನಮಸ್ಕಾರಗಳು. ತಮ್ಮ ವಿಮಾನಗಳೆಲ್ಲ ಹೊತ್ತಿಗೆ ಸರಿಯಾಗಿ ಏರಲಿ, ಹೊತ್ತಿಗೆ ಸರಿಯಾಗಿ ಇಳಿಯಲಿ ಎಂದು ಬೆಳಗಿನ ಪ್ರಾರ್ಥನೆಯಲ್ಲಿ ತಪ್ಪದೆ ಕೇಳಿಕೊಳ್ಳುತ್ತೇನೆ. ಕೇಳಿಕೊಂಡದ್ದರಲ್ಲಿ ಅರ್ಧದಷ್ಟು ನಡೆಯುತ್ತಿದೆಯಂತೆ. ಉಳಿದರ್ಧಕ್ಕೆ ನನ್ನ ಭಕ್ತಿಯದೇ ಕೊರತೆ ಇರಬೇಕು.

ನಾನು ಯಾರೆಂದು ತಮಗೆ ಗೊತ್ತಿರಲಿಕ್ಕಿಲ್ಲ, ತಮ್ಮ ಮೊಣಕಾಲಿಗೆ ಗೊತ್ತಿರುತ್ತದೆ. ತಮ್ಮ ಪ್ರಯಾಣಿಕರು ಹೊದ್ದುಕೊಳ್ಳುವ ನೀಲಿ ಕಂಬಳಿಗಳು ಒಗೆಯಲು ಬರುವ ಲಾಂಡ್ರಿಯ ಹಿಂಬದಿ ಕೋಣೆಯಲ್ಲಿ, ಅಂಚು ಬಿಚ್ಚಿದ್ದಕ್ಕೆ ಅಂಚು, ತೂತು ಬಿದ್ದದ್ದಕ್ಕೆ ತೇಪೆ ಹಾಕುವ ಐದು ಮಂದಿ ಹೆಂಗಸರಲ್ಲಿ ನಾನು ಕಿಟಕಿ ಪಕ್ಕದವಳು. ಕಿಟಕಿ ಪಕ್ಕ ಎಂದರೆ ತಮ್ಮಲ್ಲಿ ಹೆಚ್ಚಿನ ದರದ ಜಾಗ. ನಮ್ಮಲ್ಲಿ ಸೂಜಿಗೆ ದಾರ ಪೋಣಿಸಲು ಕಣ್ಣು ಸಾಲದವಳಿಗೆ ಬಿಟ್ಟುಕೊಡುವ ಜಾಗ. ನಾನು ಹೊಲಿದ ಕಂಬಳಿಗಳು ಕಾಣದ ದೇಶವಿಲ್ಲ. ನಾನು ಮಾತ್ರ ವಿಮಾನವನ್ನು ಈವರೆಗೆ ಅದರ ಹೊಟ್ಟೆಯ ಕಡೆಯಿಂದಲೇ ನೋಡಿದವಳು.

ಕೆಲವು ವರ್ಷಗಳ ಹಿಂದೆ ತಮ್ಮ ಕಂಪನಿಯ ಹೆಣ್ಣುಮಗಳೊಬ್ಬಳು ನಮ್ಮ ಕೋಣೆಗೆ ಬಂದು, ಈ ಕಾರ್ಡಿನಲ್ಲಿ ಎಣ್ಣೆ, ಸೋಪು ಏನೇ ಕೊಂಡರೂ ಪಾಯಿಂಟು ಬೀಳುತ್ತದೆ, ಪಾಯಿಂಟು ತುಂಬಿದರೆ ಹಾರಬಹುದು ಎಂದಳು. “ಸೋಪು ತಗೊಂಡ್ರೆ ಹಾರೋದಾ? ನನ್ ಗಂಡ ದಿನಾ ಸೋಪು ಹಚ್ತಾನೆ, ಇನ್ನೂ ಮಂಚ ಬಿಟ್ಟು ಮೇಲೆದ್ದಿಲ್ಲ” ಎಂದು, ಐವರಲ್ಲಿ ಹೊಲಿದದ್ದಕ್ಕೆ ಇಸ್ತ್ರಿಯನ್ನೂ ಹಾಕುವ ನಮ್ಮ ಇಸ್ತ್ರಿ ಅಕ್ಕ ನಗಾಡಿದಳು. ನಾನು ನಗಲಿಲ್ಲ, ನಂಬಿದೆ. ಅಚ್ಚಾದ ಅಕ್ಷರವನ್ನು ನಂಬಬೇಕೆಂದು ನಮ್ಮೂರ ಶಾಲೆಯ ಮೇಷ್ಟರು ಕಲಿಸಿದ್ದರು. ಅದರ ಕೆಳಗೆ ಇರುವೆ ಸಾಲಿನಂಥ ಸಣ್ಣಕ್ಷರವೂ ಇರುತ್ತದೆಂದು ಕಲಿಸುವುದರೊಳಗೆ ನನ್ನ ಓದು ಮುಗಿದಿತ್ತು.

ಐವರೂ ಸೇರಿ ಒಂದು ಏರ್ಪಾಟು ಮಾಡಿಕೊಂಡೆವು. ಐದು ಮನೆಯ ಸಾಮಾನನ್ನೂ ನನ್ನ ಒಂದೇ ಕಾರ್ಡಿನಲ್ಲಿ ಕೊಳ್ಳುವುದು, ಪಾಯಿಂಟು ತುಂಬಿದಾಗ ಯಾರಿಗೆ ಮೊದಲು ಅಗತ್ಯ ಬೀಳುತ್ತದೋ ಅವರು ಹಾರುವುದು, ಆಮೇಲೆ ಮತ್ತೆ ತುಂಬಿಸಿ ಇನ್ನೊಬ್ಬರು. ಹೀಗಾಗಿ ತಾವು ಒಂದು ಸೀಟು ಎಂದು ಕರೆಯುವ ಜಾಗದಲ್ಲಿ ಇಸ್ತ್ರಿ ಅಕ್ಕನ ಅಡುಗೆ ಎಣ್ಣೆ, ನಡುನಡುವೆ ತಮ್ಮ ಸಿಬ್ಬಂದಿಯ ಅಂಗಿಗಳಿಗೆ ಗುಂಡಿಯನ್ನೂ ಹಚ್ಚುವ ಅಜ್ಜಿಯ ಮೊಮ್ಮಕ್ಕಳ ಬೂಟು, ನನ್ನೆದುರು ಕೂರುವವಳ ಗಂಡನ ಕೆಮ್ಮಿನ ಔಷಧಿ ಎಲ್ಲವೂ ಒತ್ತೊತ್ತಾಗಿ ಕೂತಿವೆ.

ಅಗತ್ಯ ಮೊದಲು ಬಿದ್ದದ್ದು ನನಗೆ. ಕಡಲಾಚೆಯ ಊರಿನಲ್ಲಿ ಕಟ್ಟುಹಲ್ಲು ಮಾಡುವ ಕೆಲಸದಲ್ಲಿರುವ ನನ್ನ ಮಗಳು ಬಸುರಿಯಾದಳು. ಅವಳಿಗೆ ಅತ್ತೆ ಇಲ್ಲ. ಅಳಿಯ ಚಿನ್ನದಂಥವನು, ಆದರೆ ಕೂಸನ್ನು ಎತ್ತಿಕೊಳ್ಳುವುದನ್ನು ಕುಂಬಳಕಾಯಿಯ ಮೇಲೆ ಅಭ್ಯಾಸ ಮಾಡುತ್ತಿದ್ದಾನೆ, ಈಗಾಗಲೇ ಎರಡು ಬೀಳಿಸಿದ್ದಾನೆ. ನಾನು ಹೆರಿಗೆಯ ಹೊತ್ತಿಗೆ ಅಲ್ಲಿರಲೇಬೇಕು. ಬಸುರಿನ ಸುದ್ದಿ ಬಂದಾಗಲೇ ನಮ್ಮ ಪಾಯಿಂಟುಗಳು ಹೋಗಿಬರಲು ಸರಿಯಾಗಿ ಸಾಲುವಷ್ಟು ತುಂಬಿದ್ದವು. ಆದರೆ ಕೂಸು ಹೊಟ್ಟೆಯೊಳಗೆ ಒದೆಯುವ ತನಕ ಅದರ ಹೆಸರಿನಲ್ಲಿ ಒಂದು ಟೋಪಿಯನ್ನೂ ಹೊಲಿಯಬಾರದು, ದೇವರಿಗೆ ಅವಸರ ಮಾಡಬಾರದು ಎಂಬುದು ನಮ್ಮ ಹೊಲಿಗೆ ಕೋಣೆಯ ಕಟ್ಟಳೆ. ಟೋಪಿಗೇ ಇಲ್ಲದ ಅವಸರ ಟಿಕೆಟಿಗೆ ಯಾಕೆಂದು ಕಾದೆ. ಕೊನೆಗೊಂದು ದಿನ “ಅಮ್ಮಾ, ಒದೀತು ಕಣಮ್ಮಾ!” ಎಂದು ಮಗಳು ಫೋನಿನಲ್ಲಿ ಕೂಗಿದಳು. ಅದೇ ವಾರ ತಾವೂ ಒದ್ದಿರಿ.

ತಮ್ಮ ಪತ್ರ “ಸಿಹಿ ಸುದ್ದಿ” ಎಂದು ಶುರುವಾಗಿತ್ತು. ಇಂಥ ಊರಿಗೆ ಇಷ್ಟು ಪಾಯಿಂಟು ಎಂಬ ಹಳೆಯ ಪದ್ಧತಿಯಿಂದ ನಮ್ಮನ್ನು ಬಿಡುಗಡೆ ಮಾಡಿ, ಇನ್ನು ಮುಂದೆ ಆಯಾ ದಿನದ ಬೇಡಿಕೆ ನೋಡಿಕೊಂಡು ಪಾಯಿಂಟು ಏರಿಳಿಯುವಂತೆ ಮಾಡಿ, ನಮಗೆ “ಇನ್ನಷ್ಟು ಸ್ವಾತಂತ್ರ್ಯ” ದಯಪಾಲಿಸಿದ್ದೀರಿ. ತಮ್ಮ ಪ್ರಾಮಾಣಿಕತೆಯನ್ನು ಎಷ್ಟು ಹೊಗಳಿದರೂ ಸಾಲದು. ನಮ್ಮ ಪಾಯಿಂಟುಗಳಲ್ಲಿ ಒಂದನ್ನೂ ತಾವು ಮುಟ್ಟಿಲ್ಲ, ಎಲ್ಲ ಇಟ್ಟಲ್ಲೇ ಇವೆ. ಟಿಕೆಟಿಗೆ ಬೇಕಾದವು ಮಾತ್ರ ಎರಡರಷ್ಟಾಗಿವೆ. ಬಟ್ಟೆಗೆ ಕತ್ತರಿ ತಾಗಿಸದೆ ಅಂಗಿಯನ್ನು ಗಿಡ್ಡ ಮಾಡುವ ಈ ವಿದ್ಯೆ ಇಷ್ಟು ವರ್ಷ ಹೊಲಿದ ನನ್ನ ಕೈಗೆ ಹತ್ತಲಿಲ್ಲವಲ್ಲ ಎಂದು ನಾಚಿಕೆಯಾಯಿತು.

ಫೋನಿನಲ್ಲಿದ್ದ ತಮ್ಮ ಅಧಿಕಾರಿಯೂ ಬಹಳ ಮರ್ಯಾದಸ್ಥರು. “ಮೇಡಂ, ನಿಮ್ಮ ಕಾರ್ಯಕ್ರಮ ಸ್ವಲ್ಪ ಮುಂದಕ್ಕೆ ಹಾಕ್ಕೊಳ್ಳೋಕಾಗುತ್ತಾ? ನೀವು ಹೇಳಿದ ದಿನದಿಂದ ನಾಲ್ಕು ತಿಂಗಳು ಬಿಟ್ರೆ ಕಡಿಮೆ ಇದೆ” ಎಂದರು. “ಮಗಳನ್ನ ಕೇಳಿ ಹೇಳ್ತೀನಪ್ಪಾ” ಎಂದೆ. ಕೇಳಿದೆ. ಅವಳು ಅಂದದ್ದನ್ನು ಹತ್ತು ಜನ ಓದುವ ಪತ್ರದಲ್ಲಿ ಬರೆಯುವಂತಿಲ್ಲ. ಮಕ್ಕಳು ಇನ್ನೂ ಹಳೆಯ ಪದ್ಧತಿಯಲ್ಲೇ, ತಿಂಗಳು ತುಂಬಿದ ಮೇಲೆ ಹುಟ್ಟುತ್ತಿರುವುದು ತಮ್ಮ ಗಮನಕ್ಕೆ ಬಂದಿಲ್ಲವೆಂದು ಕಾಣುತ್ತದೆ.

ಆದ್ದರಿಂದ ತಮ್ಮಲ್ಲಿ ನನ್ನ ಬಿನ್ನಹವೇನೆಂದರೆ, ದಯವಿಟ್ಟು ನನ್ನನ್ನು ಒಂದು ಕಂಬಳಿ ಎಂದು ಪರಿಗಣಿಸಬೇಕು. ಕಂಬಳಿಗಳು ಒಂದು ಪಾಯಿಂಟೂ ಇಲ್ಲದೆ ದಿನಾ ಹಾರುತ್ತವೆ, ಅವುಗಳನ್ನು ಯಾರೂ ಮುಂದಿನ ತಿಂಗಳು ಬನ್ನಿ ಎನ್ನುವುದಿಲ್ಲ. ನನ್ನನ್ನು ಮಡಿಸಿದರೆ ತಲೆಯ ಮೇಲಿನ ಗೂಡಿನಲ್ಲಿ ಹಿಡಿಸುತ್ತೇನೆ, ಎಡಗಾಲಿನ ಮಂಡಿ ಮಾತ್ರ ಸ್ವಲ್ಪ ತಕರಾರು ಮಾಡೀತು. ಪ್ಲಾಸ್ಟಿಕ್ ಚೀಲ ಹಾಕುವುದು ಕಡ್ಡಾಯವಾದರೆ ಮೂಗಿನ ಹತ್ತಿರ ಒಂದು ತೂತು ಬಿಟ್ಟರೆ ಸಾಕು. ಆಮೇಲೆ ತೇಪೆ ನಾನೇ ಹಾಕಿಕೊಡುತ್ತೇನೆ. ಇದೂ ಆಗದೆಂದರೆ, ಬೇಡಿಕೆ ಅಳೆಯುವ ತಮ್ಮ ಯಂತ್ರವನ್ನು ಒಂದು ವಾರ ನಮ್ಮ ಕೋಣೆಗೆ ಕಳಿಸಿಕೊಡಿ, ನಾವೂ ಅದನ್ನು ನೋಡಿ ಹೊಲಿಯಲು ಕಲಿಯುತ್ತೇವೆ. ಚಳಿ ಹೆಚ್ಚಿದ ದಿನ ಕಂಬಳಿ ತಾನೇ ಗಿಡ್ಡವಾಗಲಿ, ಕುತ್ತಿಗೆಗೆ ಬೇಕೋ ಪಾದಕ್ಕೆ ಬೇಕೋ ಎಂದು ಪ್ರಯಾಣಿಕರೇ ಆರಿಸಿಕೊಳ್ಳಲಿ. ನಾವೂ ಅದಕ್ಕೆ ಇನ್ನಷ್ಟು ಸ್ವಾತಂತ್ರ್ಯ ಎಂದೇ ಹೆಸರಿಡುತ್ತೇವೆ.

ದೇವರ ಹತ್ತಿರವೂ ನನ್ನ ಹೆಸರಿನಲ್ಲಿ ಒಂದಿಷ್ಟು ಪುಣ್ಯ ಜಮೆ ಇರಬಹುದೆಂದು ನಂಬಿದ್ದೇನೆ. “ನಿನ್ನ ಪುಣ್ಯವೆಲ್ಲ ಹಾಗೇ ಇದೆ ತಾಯಿ, ಸ್ವರ್ಗ ಮಾತ್ರ ತುಸು ದೂರ ಸರಿದಿದೆ” ಎಂದು ಅವನು ಈವರೆಗೆ ಪತ್ರ ಕಳಿಸಿಲ್ಲ. ಅವನಿಗೆ ಈ ಉಪಾಯ ತೋಚಿರಲಿಕ್ಕಿಲ್ಲ. ಕೈಮುಗಿದು ಕೇಳಿಕೊಳ್ಳುತ್ತೇನೆ, ತಾವು ಅಷ್ಟು ಎತ್ತರದಲ್ಲಿ ಓಡಾಡುವವರು, ಎಲ್ಲಾದರೂ ಎದುರಾದರೆ ಹೇಳಿಕೊಡಬೇಡಿ.

ನಿನ್ನೆ ಊಟದ ಬಿಡುವಿನಲ್ಲಿ ಐವರೂ ಕೂತು ನೋಡಿದೆವು. ಇರುವ ಪಾಯಿಂಟು ಹೋಗಲು ಸಾಲುತ್ತದೆ, ಬರಲು ಸಾಲುವುದಿಲ್ಲ. ನಾನು, “ಬೇಡ ಬಿಡ್ರೇ, ಇದರಲ್ಲಿ ನಿಮ್ಮೆಲ್ಲರದೂ ಇದೆ, ಒಂದು ಕಡೆಗೇ ಸುರಿದು ಬಿಡೋದಾ?” ಎಂದೆ. ಇಸ್ತ್ರಿ ಅಕ್ಕ ತಟ್ಟೆಯಿಂದ ತಲೆಯೆತ್ತದೆ, “ಸುಮ್ನಿರೇ, ಆ ಕುಂಬಳಕಾಯಿಗಳ ಗತಿ ಕೇಳಿದೀವಿ. ಮೊದ್ಲು ಹೋಗು. ಬರೋದನ್ನ ಬರೋವಾಗ ನೋಡೋಣ” ಎಂದಳು. ಗುಂಡಿ ಅಜ್ಜಿ ಆಗಲೇ ಟೋಪಿಗೆ ಅಳತೆ ಹಿಡಿಯುತ್ತಿದ್ದಳು. ಸಂಜೆಯೊಳಗೆ ಹೋಗುವ ಟಿಕೆಟು ತೆಗೆದಾಯಿತು, ಕಂಬಳಿಯ ಬಿನ್ನಹ ಇನ್ನು ಬರುವ ದಾರಿಗೆ.

ತಮ್ಮ ನಿಷ್ಠೆ ನಮ್ಮ ಮೇಲೆ ಇಲ್ಲದಿದ್ದರೂ ನಮ್ಮ ನಿಷ್ಠೆಗೆ ತಾವಿಟ್ಟಿರುವ ಹೆಸರು ಚೆನ್ನಾಗಿದೆ ಎಂದು ಒಪ್ಪಿಕೊಳ್ಳುತ್ತಾ,

ಒಂದೇ ಕಡೆಗೆ ಹೊರಟು ನಿಂತಿರುವ,
ತಮ್ಮ ವಿಶ್ವಾಸಿ,
ಕಂಬಳಿ ಕೋಣೆಯ ಕಿಟಕಿ ಪಕ್ಕದವಳು
(ತಮ್ಮ ಕಾರ್ಡಿನ ಪ್ರಕಾರ ಬೆಳ್ಳಿ ಸದಸ್ಯೆ)

ಮರೆತ ಮಾತು: ಉಳಿದ ನಾಲ್ವರು ತಂತಮ್ಮ ಪಾಲಿನ ಕಂಬಳಿಗಳನ್ನು ಎಂದಿನಂತೆ ಹೊಲಿಯುತ್ತಾರೆ, ನನ್ನ ಪಾಲಿನವು ನನ್ನ ಕುರ್ಚಿಯ ಮೇಲೆ ಏರುತ್ತಾ ಹೋಗುತ್ತವೆ. ರಾಶಿ ಕಿಟಕಿ ಮುಚ್ಚುವಷ್ಟಾದಾಗ ನನ್ನನ್ನು ವಾಪಸು ಕರೆಸಿಕೊಳ್ಳುವ ಮನಸ್ಸು ತಮಗೇ ಬಂದೀತು. ಆಗ ಸಂಕೋಚವಿಲ್ಲದೆ ಫೋನು ಮಾಡಿ. ನನ್ನ ದರ ಎಷ್ಟೆಂದು ಈಗಲೇ ಹೇಳಲಾರೆ, ಆ ದಿನದ ಬೇಡಿಕೆ ನೋಡಿಕೊಂಡು ಹೇಳಬೇಕಾಗುತ್ತದೆ. ಮೊಮ್ಮಗುವಿಗೆ ಸ್ನಾನ ಮಾಡಿಸುವ ಹೊತ್ತಾಗಿದ್ದರೆ ತಾವು ಸ್ವಲ್ಪ ಕಾಯಬೇಕಾದೀತು. ಬೇಸರವಾಗದಿರಲೆಂದು ಫೋನನ್ನು ಅದರ ಅಳುವಿನ ಹತ್ತಿರವೇ ಹಿಡಿದಿರುತ್ತೇನೆ.