ಅಕ್ಕನ ಬೆರಳಿನ ತೊಂಬತ್ತೆಂಟು

ಅಂಕಿ ತೋರಿಸುವ ಯಾವ ಯಂತ್ರವನ್ನು ಕಂಡರೂ ನಂಬಿಬಿಡುವುದು ನನ್ನ ಹುಟ್ಟುಗುಣ. ಬಸ್ ಸ್ಟ್ಯಾಂಡಿನ ತೂಕದ ಯಂತ್ರ ಒಂದೇ ವಾರದಲ್ಲಿ ನನ್ನನ್ನು ಆರು ಕಿಲೋ ಇಳಿಸಿದಾಗ, ಆ ಖುಷಿಗೆ ಎರಡು ಮದ್ದೂರು ವಡೆ ಹೆಚ್ಚಿಗೆ ತಿಂದವನು ನಾನು. ಮನುಷ್ಯರ ಮಾತನ್ನು ಮಾತ್ರ ಅಷ್ಟು ಸುಲಭಕ್ಕೆ ನಂಬುವುದಿಲ್ಲ. ಮಂಡ್ಯದ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮೇಷ್ಟ್ರು ನಾನು. ಹೊಟ್ಟೆನೋವು ಎಂದ ಮಕ್ಕಳನ್ನೆಲ್ಲ ನಂಬಿ ಮನೆಗೆ ಕಳಿಸಿದ್ದರೆ ಇಷ್ಟು ವರ್ಷ ಬೆಂಚುಗಳಿಗೇ ಪಾಠ ಮಾಡಬೇಕಿತ್ತು.

ಕೊರೋನಾ ಕಾಲದಲ್ಲಿ ಒಂದು ಆಕ್ಸಿಮೀಟರ್ ಕೊಂಡಿದ್ದೆ. ಬೆರಳಿಗೆ ಕಚ್ಚಿಕೊಳ್ಳುವ ಆ ಪುಟ್ಟ ಯಂತ್ರ ಒಳಗೆ ಕೆಂಪು ಬೆಳಕು ಹಾಯಿಸಿ, ರಕ್ತ ಅದರಲ್ಲಿ ಎಷ್ಟನ್ನು ಹೀರಿಕೊಂಡಿತು ಎಂದು ನೋಡಿ, ಆಮ್ಲಜನಕ ಎಷ್ಟಿದೆ ಎಂದು ಹೇಳುತ್ತದೆ. ಸೂಜಿಯಿಲ್ಲ, ನೋವಿಲ್ಲ. ಕೊರೋನಾ ಹೋದರೂ ನನ್ನ ಚಾಳಿ ಹೋಗಲಿಲ್ಲ. ಮನೆಗೆ ಬಂದವರಿಗೆ ಕಾಫಿಗಿಂತ ಮೊದಲು ಅದನ್ನು ಹಾಕುತ್ತಿದ್ದೆ. "ನೆಂಟರು ಬರೋದು ನಿಲ್ಲಿಸಿದ ಮೇಲೆ ನನ್ನ ಬೆರಳೊಂದೇ ಉಳಿಯೋದು ನಿಮಗೆ" ಎಂದು ಹೆಂಡತಿ ಗೊಣಗುತ್ತಿದ್ದಳು.

ಪೂರಿಗಾಲಿಯಲ್ಲಿರುವ ಅಕ್ಕ ಪುಟ್ಟಮ್ಮ ನನಗಿಂತ ಎಂಟು ವರ್ಷ ದೊಡ್ಡವಳು. ನಾನು ಹೈಸ್ಕೂಲು ಓದಿದ್ದು ಅವಳ ಮನೆಯಲ್ಲಿದ್ದುಕೊಂಡು, ಅವಳು ಬಡಿಸಿದ ಮುದ್ದೆ ತಿಂದು. ಹೋದ ವರ್ಷ ನಮ್ಮ ಮನೆಗೆ ಬಂದವಳು ಮೆಟ್ಟಿಲ ನಡುವೆ ಗೋಡೆ ಹಿಡಿದು ನಿಂತಳು. "ಯಾಕೋ ಉಸ್ರು ಕಟ್ತದೆ ಕಣ್ಲಾ. ಕಾಲು ಬಿದ್ದೋಯ್ತವೆ" ಎಂದಳು. ಕೂರಿಸಿ ಯಂತ್ರ ಹಾಕಿದೆ. ತೊಂಬತ್ತೆಂಟು. "ನನಗಿಂತ ಚೆನ್ನಾಗಿದೀಯ. ಐವತ್ತು ಹತ್ತಿರ ಬಂತಲ್ಲ, ವಯಸ್ಸಾಯ್ತು, ಅಷ್ಟೆ" ಎಂದೆ. ಅಕ್ಕ ಬೆರಳನ್ನೊಮ್ಮೆ ನೋಡಿಕೊಂಡಳು. "ಅಂಗಾರೆ ಬುಡು" ಎಂದಳು. ಅದಾದ ಮೇಲೆ ಇನ್ನೂ ಎರಡು ಸಲ ಬಂದಳು, ಎರಡು ಸಲವೂ ತೊಂಬತ್ತೆಂಟೇ ಬಂತು. ಅಕ್ಕನ ಮುಖ ಬಿಳಿಚಿಕೊಂಡಿದ್ದನ್ನು ಹೆಂಡತಿ ಗಮನಿಸಿ ಹೇಳಿದಳು. ಯಂತ್ರಕ್ಕಿಂತ ನಿನಗೆ ಹೆಚ್ಚು ಗೊತ್ತಾ ಎಂದು ಅವಳ ಬಾಯಿ ಮುಚ್ಚಿಸಿದೆ.

ಮೂರನೆಯ ತಿಂಗಳು ಅಕ್ಕ ಹುಲ್ಲಿನ ಹೊರೆ ಹೊತ್ತು ಬರುವಾಗ ದಾರಿಯಲ್ಲೇ ಕುಸಿದಳು. ಮಳವಳ್ಳಿಯ ಆಸ್ಪತ್ರೆಗೆ ನಾನು ಓಡಿದಾಗ ರಕ್ತ ಹಾಕುತ್ತಿದ್ದರು. ಹನ್ನೆರಡಾದರೂ ಇರಬೇಕಾದ ಹಿಮೋಗ್ಲೋಬಿನ್ ಐದಕ್ಕೆ ಇಳಿದಿತ್ತು. ನಾನು ಮೂರು ಸಲದ ತೊಂಬತ್ತೆಂಟನ್ನೂ ಡಾಕ್ಟರ ಮುಂದೆ ಸಾಕ್ಷಿ ಹೇಳುವವನಂತೆ ಒಪ್ಪಿಸಿದೆ. ಆ ಹೆಣ್ಣುಮಗಳು ಬೇಸರಪಡದೆ ವಿವರಿಸಿದರು: "ಆ ಮೆಷಿನ್ನು ಓಡೋ ಬಸ್ಸಲ್ಲಿ ಸೀಟು ತುಂಬಿದ್ಯಾ ಅಂತ ಮಾತ್ರ ನೋಡುತ್ತೆ. ಹತ್ತು ಬಸ್ಸಿರೋ ಕಡೆ ನಾಲ್ಕೇ ಓಡ್ತಿವೆ ಅಂತ ಹೇಳಲ್ಲ. ರಕ್ತವೇ ಕಮ್ಮಿಯಾದವರಿಗೂ ಅದು ತೊಂಬತ್ತೆಂಟು ತೋರಿಸಬಹುದು." ಆಮೇಲೆ ಕೇಳಿದರು: "ತಾವೇನು ಕೆಲಸ ಮಾಡ್ತೀರಿ?" ಹಿಮೋಗ್ಲೋಬಿನ್ ಪಾಠವನ್ನು ಪ್ರತಿ ವರ್ಷ ಬೋರ್ಡಿನ ಮೇಲೆ ಚಿತ್ರ ಬಿಡಿಸಿ ಮಾಡುವ ನಾನು "ಮೇಷ್ಟ್ರು" ಎಂದೆ. ಯಾವ ವಿಷಯ ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಅಕ್ಕನಿಗೆ ಏಳೆಂಟು ತಿಂಗಳಿಂದ ಮುಟ್ಟು ನಿಲ್ಲದೆ ಹೋಗುತ್ತಿತ್ತಂತೆ. ತಮ್ಮನ ಹತ್ತಿರ ಹೇಳುವ ಮಾತೇ ಅದು? ಪಕ್ಕದ ಮನೆಯ ಜಯಮ್ಮನಿಗೆ ಎಲ್ಲ ಗೊತ್ತಿತ್ತು. ವಾರ್ಡಿನ ಹೊರಗೆ ಕೂತಿದ್ದ ಜಯಮ್ಮ ನನ್ನ ಮುಖ ನೋಡದೆ ಹೇಳಿದಳು: "ಆಸ್ಪತ್ರೆಗೋಗಮ್ಮಿ ಅಂತ ನಾನು ಬಡ್ಕೊಂಡೆ ಕಣಪ್ಪ. 'ನಮ್ಮ ತಮ್ಮ ಮಿಸನ್ ಆಕಿ ನೋಡವ್ನೆ, ಏನೂ ಇಲ್ವಂತೆ' ಅಂದ್ಲು."



ಗರ್ಭಕೋಶ ತೆಗೆದರು. ಅಕ್ಕ ಉಳಿದಳು. ಆದರೆ ಅಷ್ಟು ತಿಂಗಳು ನೀರಾದ ರಕ್ತವನ್ನೇ ತಳ್ಳಿ ತಳ್ಳಿ ಹೃದಯ ಸೋತಿದೆ, ಇನ್ನು ಭಾರ ಎತ್ತುವಂತಿಲ್ಲ ಎಂದರು ಡಾಕ್ಟರು. ಅಕ್ಕನ ಮನೆಯವರು ಎರಡು ಹಸು ಮಾರಿದರು. ದಿನವಿಡೀ ಗದ್ದೆ ಕೊಟ್ಟಿಗೆ ಎಂದು ಓಡಾಡುತ್ತಿದ್ದವಳು ಈಗ ಜಗುಲಿಯ ಮೇಲೆ ಕೂತು ಬೇರೆಯವರ ಹುಲ್ಲಿನ ಹೊರೆ ಹೋಗುವುದನ್ನು ನೋಡುತ್ತಾಳೆ. ಒಂದು ದಿನವೂ ನನ್ನನ್ನು ದೂರಲಿಲ್ಲ. ದೂರಿದ್ದರೆ ಮಾತಿಗೆ ಮಾತು ಬೆಳೆಸಿ ಸ್ವಲ್ಪ ಹಗುರಾಗುತ್ತಿದ್ದೆ.

ಈಗ ನಾನು ಭಾನುವಾರ ಭಾನುವಾರ ಪೂರಿಗಾಲಿಗೆ ಹೋಗಿ, ಯಂತ್ರವಿಲ್ಲದೆ ಬರಿಗೈಯಲ್ಲಿ ಎದುರು ಕೂತು, "ಹೇಗಿದೀಯಕ್ಕ? ಏನಿದ್ರೂ ಹೇಳು, ನಂಬ್ತೀನಿ" ಎನ್ನುತ್ತೇನೆ. "ಚೆನ್ನಾಗಿವ್ನಿ ಕಣ್ಲಾ, ಉಣ್ಣೇಳು" ಎನ್ನುತ್ತಾಳೆ. ಉಂಡು, ಕೈ ತೊಳೆಯುವ ನೆಪದಲ್ಲಿ ಹಿತ್ತಲಿಗೆ ಹೋಗಿ, ಬೇಲಿಯಾಚೆಯ ಜಯಮ್ಮನನ್ನು ಕೇಳುತ್ತೇನೆ, ನಮ್ಮಕ್ಕ ಹೇಗಿದ್ದಾಳೆ ಎಂದು.